ಆ ‘ವೆರಿ ಗುಡ್’ ಸ್ವಲ್ಪ ತಡೆದುಕೊಳ್ಳಿ ಮೇಷ್ಟ್ರೇ

ಗಣಿತದ ಪಿರಿಯಡ್‌ನಲ್ಲಿ ಚರ್ಚೆ ಮಾಡಿಸುತ್ತೇವೆ ಎನ್ನುವ ಮೇಷ್ಟ್ರುಗಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತರೆ ಸಾಮಾನ್ಯವಾಗಿ ಕಾಣುವುದು ಇಷ್ಟು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಮುಂದಿನ ಬೆಂಚಿನ ಹುಡುಗಿ ಉತ್ತರ ಹೇಳುತ್ತಾಳೆ, ‘ವೆರಿ ಗುಡ್, ಕೂತ್ಕೊಳಮ್ಮ’ ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಉಳಿದ ಐವತ್ತು ಮಕ್ಕಳು ಉತ್ತರ ಬರೆದುಕೊಳ್ಳುತ್ತಾರೆ. ಪ್ರಶ್ನೆಗಳಿಗೇನೂ ಬರ ಇಲ್ಲ. ಆದರೆ ಇದು ಚರ್ಚೆಯಲ್ಲ, ಹಾಜರಿ ಕೂಗಿದ ಹಾಗೆ.

ಗುಂಪು ಮಾಡಿ, ಚಾರ್ಟ್ ಬರೆಸಿ ಎಂಬುದನ್ನೆಲ್ಲ ತರಬೇತಿಗಳಲ್ಲಿ ಸಾಕಷ್ಟು ಹೇಳಿದ್ದಾರೆ, ಇಲ್ಲಿ ಮತ್ತೆ ಬೇಡ. ಹೇಳಬೇಕಾಗಿರುವುದು ಒಂದೇ. ಉತ್ತರ ಸರಿಯೋ ತಪ್ಪೋ ಎಂದು ಮೇಷ್ಟ್ರು ಬಾಯಿಬಿಟ್ಟ ಗಳಿಗೆಯಲ್ಲೇ ಮಕ್ಕಳು ಯೋಚಿಸುವುದನ್ನು ಬಿಡುತ್ತಾರೆ. ತಪ್ಪಿಗೆ ‘ಅಲ್ಲ’ ಎನ್ನಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸರಿ ಉತ್ತರಕ್ಕೂ ‘ಸರಿ’ ಎನ್ನಬೇಡಿ, ಈಗಲೇ ಬೇಡ ಎಂದರೆ ಮಾತ್ರ ಯಾರೂ ಒಪ್ಪುವುದಿಲ್ಲ. ‘ಪಾಪ, ಮಗು ಸರಿಯಾಗಿ ಹೇಳಿದೆ, ಪ್ರೋತ್ಸಾಹ ಬೇಡವಾ’ ಎನ್ನುತ್ತಾರೆ. ಬೇಕು, ಹತ್ತು ನಿಮಿಷ ಬಿಟ್ಟು.

ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕ್ವಿಂಟಲ್‌ಗೆ 2000 ರೂಪಾಯಿ ಇತ್ತು ಅಂದುಕೊಳ್ಳಿ. ಬೆಲೆ ಶೇಕಡಾ 20 ಏರಿತು, ಆಮೇಲೆ ಶೇಕಡಾ 20 ಇಳಿಯಿತು. ಈಗೆಷ್ಟು? ಚಳ್ಳಕೆರೆ ಕಡೆಯವರು ಶೇಂಗಾ ಎಂದು ಮಾಡಿಕೊಳ್ಳಿ. ಬೋರ್ಡ್ ಮೇಲೆ ಬರೆದು ಎರಡು ನಿಮಿಷ ಯಾರೂ ಮಾತಾಡಬಾರದು, ನೋಟ್‌ಬುಕ್‌ನಲ್ಲಿ ತಾವೇ ಮಾಡಬೇಕು. ಈ ಎರಡು ನಿಮಿಷ ಬಿಟ್ಟುಬಿಟ್ಟರೆ ಚುರುಕಿನ ನಾಲ್ಕು ಮಕ್ಕಳು ಮಾತ್ರ ಮಾತಾಡುತ್ತವೆ, ಉಳಿದವಕ್ಕೆ ಹೇಳಲು ಏನೂ ಇರುವುದಿಲ್ಲ. ಅಷ್ಟರಲ್ಲಿ ನೀವು ಸಾಲುಗಳ ನಡುವೆ ಓಡಾಡಿ ಯಾರು ಏನು ಬರೆದಿದ್ದಾರೆಂದು ನೋಡಿಕೊಂಡು ಬನ್ನಿ. ತಿದ್ದಬೇಡಿ.

ಆಮೇಲೆ ಹೆಚ್ಚು ಮಕ್ಕಳು ಮಾಡಿರುವ ತಪ್ಪು ಉತ್ತರವನ್ನು ಮೊದಲು ಕೇಳಿ.

‘ಅಷ್ಟೇ ಬರ್ತತಿ ಸರ್, 2000.’

ಬೋರ್ಡ್ ಮೇಲೆ 2000 ಬರೆಯಿರಿ. ‘ಬೇರೆ ಯಾರಿಗಾದ್ರೂ ಬೇರೆ ಬಂತಾ?’

‘1920 ಸರ್.’

ಅದನ್ನೂ ಪಕ್ಕದಲ್ಲೇ, ಅಷ್ಟೇ ದಪ್ಪಕ್ಕೆ ಬರೆಯಿರಿ. ಈಗ ಮೂರು ನಿಮಿಷ ಪಕ್ಕದವರ ಜತೆ ಮಾತಾಡಲಿ: ಯಾವುದು, ಯಾಕೆ? ಎಲ್ಲೋ ಒಂದು ಹುಡುಗಿ ಹೇಳುತ್ತಾಳೆ, ‘ಏರಿದ್ದು 2000ದ ಮೇಲೆ, ಇಳಿದಿದ್ದು 2400ರ ಮೇಲೆ ಸರ್.’ ನಿಮ್ಮ ಬಾಯಲ್ಲಿ ‘ವೆರಿ ಗುಡ್’ ಬರುವುದು ಇಲ್ಲೇ. ನುಂಗಿಕೊಳ್ಳಿ. ಅವಳ ಮಾತನ್ನು ನೀವು ಗಟ್ಟಿಯಾಗಿ ಪುನಃ ಹೇಳಲೂ ಬೇಡಿ. ಹೇಗೂ ಸರ್ ಇನ್ನೊಮ್ಮೆ ಹೇಳುತ್ತಾರೆ ಎಂದು ಗೊತ್ತಾದರೆ ಮಕ್ಕಳು ಒಬ್ಬರ ಮಾತು ಒಬ್ಬರು ಕೇಳುವುದೇ ಇಲ್ಲ. 2000 ಎಂದವನನ್ನೇ ನೋಡಿ, ‘ಅವಳು ಹೇಳಿದ್ದೇನು, ನಿನ್ನ ಮಾತಲ್ಲಿ ಹೇಳಪ್ಪ’ ಎನ್ನಿ. ಕಾಯಿರಿ.

ಕಾಯುವುದು ಕಷ್ಟ ಎಂದು ಗೊತ್ತು. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ 1970ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯುವುದು ಸರಾಸರಿ ಒಂದೇ ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹೆಸರು ಕರೆಯದೆ ತಾವಾಗಿಯೇ ಮಾತಾಡುವವರು ಹೆಚ್ಚಿದರು. ಪ್ರಶ್ನೆಯ ನಂತರದ ಕಾಯುವಿಕೆಯ ಜತೆಗೆ, ಮಗು ಉತ್ತರ ಹೇಳಿದ ನಂತರದ ಕಾಯುವಿಕೆಯನ್ನೂ ಅವರು ಬೇರೆಯಾಗಿ ಗುರುತಿಸಿದ್ದರು. ನಮ್ಮಲ್ಲಿ ಪೂರ್ತಿ ಮರೆತಿರುವುದು ಈ ಎರಡನೆಯದನ್ನು.

ಬಾಯಿ ಕಟ್ಟಿಕೊಂಡರೂ ಬೇರೆ ದಾರಿಯಲ್ಲಿ ಗುಟ್ಟು ಬಿಟ್ಟುಕೊಡುತ್ತೇವೆ. ತಪ್ಪು ಉತ್ತರಕ್ಕೆ ‘ಹೌದಾಆಆ?’ ಎಂದು ರಾಗ ಎಳೆಯುತ್ತೇವೆ. ಎಲ್ಲಕ್ಕಿಂತ ಕೆಟ್ಟದ್ದು, ತಪ್ಪು ಉತ್ತರಕ್ಕೆ ಮಾತ್ರ ‘ಯಾಕೆ?’ ಎಂದು ಕೇಳುವುದು. ಮಕ್ಕಳು ಇದನ್ನು ಬೇಗ ಪತ್ತೆಹಚ್ಚುತ್ತವೆ. ಆಮೇಲೆ ಸರಿ ಉತ್ತರ ಹೇಳಿದ ಮಗುವಿಗೆ ‘ಯಾಕಮ್ಮ?’ ಎಂದರೂ ಸಾಕು, ಗಾಬರಿಯಾಗಿ ಉತ್ತರ ಬದಲಿಸಿಬಿಡುತ್ತದೆ. ಆದ್ದರಿಂದ ಸರಿ ಇದ್ದರೂ ‘ಯಾಕೆ’, ತಪ್ಪಿದ್ದರೂ ‘ಯಾಕೆ’, ಅದೇ ದನಿಯಲ್ಲಿ.

1920 ಎಂದು ಒಪ್ಪಿದ ಮೇಲೆ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡಿ, ರುಚಿ ಇರುವುದು ಮುಂದೆ. ಮೊದಲು ಇಳಿದು ಆಮೇಲೆ ಏರಿದ್ದರೆ? ಲೆಕ್ಕ ಮಾಡುವ ಮೊದಲೇ ಕೈ ಎತ್ತಿಸಿ: ಹೆಚ್ಚು, ಕಡಿಮೆ, ಅಷ್ಟೇ? 2000 ಇಳಿದು 1600, ಏರಿ ಮತ್ತೆ 1920. ಯಾಕೆ ಅಷ್ಟೇ ಬಂತು? 1.2ರಿಂದ 0.8 ಗುಣಿಸಿದರೂ, 0.8ರಿಂದ 1.2 ಗುಣಿಸಿದರೂ 0.96. ಶೇಕಡಾ 10 ಇಟ್ಟು ನೋಡಲಿ, ನಷ್ಟ ಶೇಕಡಾ 1. ಇಪ್ಪತ್ತಕ್ಕೆ 4. ಮೂವತ್ತಕ್ಕೆ 9. ಒಂದು, ನಾಲ್ಕು, ಒಂಬತ್ತು ಎಂದು ಮಕ್ಕಳೇ ಕೂಗುತ್ತಾರೆ. 1.2 ಅಂದರೆ 1 + 0.2, 0.8 ಅಂದರೆ 1 − 0.2. ಇಷ್ಟು ದಿನ ಬಾಯಿಪಾಠ ಒಪ್ಪಿಸಿದ ‘ಎ ವರ್ಗ ಮೈನಸ್ ಬಿ ವರ್ಗ’ ಮೆಕ್ಕೆಜೋಳದ ಬೆಲೆಯಲ್ಲಿ ಕೂತಿರುವುದನ್ನು ಒಂಬತ್ತನೇ ತರಗತಿಯವರು ಕಂಡುಹಿಡಿಯಬಲ್ಲರು. ನೀವು ಮೊದಲೇ ಹೇಳದಿದ್ದರೆ.

ಹತ್ತನೇ ತರಗತಿಗಾದರೆ ಇನ್ನೊಂದು: ಎಕ್ಸ್‌ನ ವರ್ಗ ಐದು ಎಕ್ಸ್‌ಗೆ ಸಮ. ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ ‘ಎಕ್ಸ್ ಅಂದ್ರೆ 5’ ಎನ್ನುವವರೇ ಹೆಚ್ಚು. ಆ ಹಂತಗಳನ್ನು ಹಾಗೇ ಬೋರ್ಡ್ ಮೇಲೆ ಬಿಟ್ಟು, ‘ಸೊನ್ನೆ ಹಾಕಿ ನೋಡಿ’ ಎಂದಷ್ಟೇ ಹೇಳಿ. ಕಳೆದುಹೋದ ಮೂಲ ಯಾವ ಹಂತದಲ್ಲಿ ಕಳೆಯಿತೆಂದು ಅವರೇ ಹುಡುಕಲಿ.

ಗುಂಪಿನ ವಿಷಯ ಚುಟುಕಾಗಿ. ಬೆಂಚು ಎಳೆದಾಡಬೇಡಿ, ಐದು ನಿಮಿಷ ಹಾಳು. ಮೊದಲ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಗುಂಪು ತಯಾರು. ಒಬ್ಬನೇ ಬರೆದು ಉಳಿದವರು ನೋಡುತ್ತಾ ಕೂರುವುದನ್ನು ತಪ್ಪಿಸಬೇಕಾದರೆ, ಗುಂಪಿನ ಪರವಾಗಿ ಯಾರು ಹೇಳಬೇಕೆಂದು ಕೊನೆಯಲ್ಲಿ ನೀವೇ ಬೆರಳು ತೋರಿಸುತ್ತೀರಿ ಎಂದು ಮೊದಲೇ ತಿಳಿಸಿ.

ಪೋರ್ಷನ್ ಏನು ಗತಿ ಎನ್ನುವವರಿಗೆ: ದಿನಾ ಮಾಡಿ ಎಂದು ಯಾರೂ ಹೇಳುತ್ತಿಲ್ಲ. ವಾರಕ್ಕೆ ಒಂದು ಲೆಕ್ಕ, ಸುಮಾರು 20 ನಿಮಿಷ ಸಾಕು. ಎಲ್ಲದಕ್ಕೂ ಚರ್ಚೆ ಹೊಂದುವುದೂ ಇಲ್ಲ. ವ್ಯಾಖ್ಯೆ, ಸಂಕೇತ, ಹೆಸರು ಇವನ್ನು ನೇರವಾಗಿ ಹೇಳಿಬಿಡಿ. ಅಡ್ಡ ಅಕ್ಷಕ್ಕೆ ಎಕ್ಸ್ ಎಂದೇ ಯಾಕೆ ಹೆಸರು ಎಂದು ಗುಂಪು ಚರ್ಚೆ ಮಾಡಿಸಿದರೆ ಸಮಯ ದಂಡ. ಎಸ್‌ಎಸ್‌ಎಲ್‌ಸಿಯ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇದೆ, ಯಾಕೆ ಎಂದು ಹೇಳಿ ಅಭ್ಯಾಸವಾದ ಮಗು ಹಂತ ಬಿಡುವುದು ಕಡಿಮೆ. ಇಷ್ಟರಿಂದಲೇ ಫಲಿತಾಂಶ ಏರುತ್ತದೆ ಎಂದು ಭರವಸೆ ಕೊಡಲಾಗದು.

ತೀರ್ಪು ತಡಮಾಡಿ ಎಂದರೆ ತೀರ್ಪೇ ಕೊಡಬೇಡಿ ಎಂದಲ್ಲ, ಈ ಅಪಾರ್ಥವೂ ಸಾಮಾನ್ಯ. ಬೆಲ್ ಹೊಡೆಯಲು ಐದು ನಿಮಿಷ ಇರುವಾಗ 2000ವನ್ನು ಗೀಟು ಹೊಡೆದು 1920ರ ಸುತ್ತ ಗೆರೆ ಎಳೆಯಿರಿ, ಕಾರಣ ಹೇಳಿದ ಹುಡುಗಿಯ ವಾಕ್ಯವನ್ನು ಅವಳ ಹೆಸರಿನ ಸಮೇತ ಬೋರ್ಡ್ ಮೇಲೆ ಬರೆದು ಎಲ್ಲರೂ ನೋಟ್‌ಬುಕ್‌ಗೆ ಇಳಿಸಿಕೊಳ್ಳುವಂತೆ ಮಾಡಿ. ‘ವೆರಿ ಗುಡ್’ ಹೇಳುವುದಿದ್ದರೆ ಆಗ ಹೇಳಿ. 2000 ಎಂದು ಮೊದಲು ಬಾಯಿಬಿಟ್ಟ ಹುಡುಗನಿಗೂ ಒಂದು ಹೇಳಿ.