ಡಿಕ್ಲೇರ್: ನಾಯಕನೊಬ್ಬನೇ ಹೊರಬೇಕಾದ ತೀರ್ಮಾನ

ಟೆಸ್ಟ್ ಪಂದ್ಯದ ಸ್ಕೋರು ಪಟ್ಟಿಯಲ್ಲಿ ‘5 ವಿಕೆಟ್‌ಗೆ 675 ಡಿಕ್ಲೇರ್’ ಎಂದು ಕಂಡರೆ, ಐದು ವಿಕೆಟ್ ಇನ್ನೂ ಕೈಯಲ್ಲಿರುವಾಗಲೇ ಬ್ಯಾಟಿಂಗ್ ತಂಡದ ನಾಯಕ ‘ನಮಗೆ ಇಷ್ಟು ಸಾಕು, ಇನ್ನು ನೀವು ಆಡಿ’ ಎಂದು ಇನಿಂಗ್ಸ್ ಮುಗಿಸಿದ್ದಾನೆ ಎಂದರ್ಥ. ಇದಕ್ಕೆ ಎದುರಾಳಿಯ ಒಪ್ಪಿಗೆ ಬೇಕಿಲ್ಲ, ಅಂಪೈರ್‌ಗಳ ಅನುಮತಿಯೂ ಬೇಕಿಲ್ಲ. ಅವರಿಗೆ ತಿಳಿಸಿದರೆ ಮುಗಿಯಿತು. ಒಂದು ಎಸೆತ ಮುಗಿದು ಇನ್ನೊಂದು ಶುರುವಾಗುವ ಮುನ್ನ ಯಾವಾಗ ಬೇಕಾದರೂ ಹೇಳಬಹುದು. ಕ್ರಿಕೆಟ್ ನಿಯಮಾವಳಿಯ 15ನೇ ನಿಯಮ ಈ ಅಧಿಕಾರವನ್ನು ನಾಯಕನಿಗೆ ಮಾತ್ರ ಕೊಟ್ಟಿದೆ. ಬ್ಯಾಟ್ ಹಿಡಿಯುವ ಮೊದಲೇ ಇಡೀ ಇನಿಂಗ್ಸ್ ಬಿಟ್ಟುಕೊಡುವುದಕ್ಕೂ ಅದರಲ್ಲಿ ಅವಕಾಶವಿದೆ.

ಟಾಸ್ ಅದೃಷ್ಟದ ಮಾತು. ಫೀಲ್ಡರ್‌ಗಳನ್ನು ನಿಲ್ಲಿಸುವಾಗ ಬೌಲರ್ ಕೂಡ ಬಾಯಿ ಹಾಕುತ್ತಾನೆ. ಆಡುವ ಹನ್ನೊಂದು ಮಂದಿಯನ್ನು ಆರಿಸುವಾಗ ಕೋಚ್ ಇರುತ್ತಾನೆ, ಆಯ್ಕೆಗಾರರಿರುತ್ತಾರೆ. ಡಿಕ್ಲೇರ್ ವಿಷಯದಲ್ಲಿ ಮಾತ್ರ ಸಲಹೆ ಎಷ್ಟು ಮಂದಿ ಕೊಟ್ಟರೂ ಬೈಗುಳ ತಿನ್ನುವವನು ನಾಯಕನೊಬ್ಬನೇ. ‘ಅಸಾಧಾರಣ ನಾಯಕತ್ವ’ ಎಂಬ ಹೊಗಳಿಕೆಯಲ್ಲಿ ತಿರುಳೆಷ್ಟು, ಗೆದ್ದೆತ್ತಿನ ಬಾಲ ಹಿಡಿಯುವುದೆಷ್ಟು ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಕಂಡಿಲ್ಲ.

ರನ್ ಬರುತ್ತಿರುವಾಗ ಯಾರಾದರೂ ಏಕೆ ನಿಲ್ಲಿಸುತ್ತಾರೆ? ಟೆಸ್ಟ್ ಗೆಲ್ಲಲು ಹೆಚ್ಚು ರನ್ ಗಳಿಸಿದರೆ ಸಾಲದು. ಎದುರಾಳಿಯ ಇಪ್ಪತ್ತು ವಿಕೆಟ್ ಉರುಳಬೇಕು, ಅದಕ್ಕೆ ಸಮಯ ಬೇಕು. 1889ಕ್ಕೆ ಮೊದಲು ಈ ಸೌಲಭ್ಯವೇ ಇರಲಿಲ್ಲ. ಬೇಕಾದಷ್ಟು ರನ್ ಆದ ಮೇಲೂ ಹತ್ತೂ ವಿಕೆಟ್ ಬೀಳುವ ತನಕ ಆಡಲೇಬೇಕಿತ್ತು. ಹಾಗಾಗಿ ಬ್ಯಾಟಿಂಗ್ ಮಾಡುವವರು ಬೇಕೆಂದೇ ಔಟಾಗಲು ನೋಡುವುದು, ಬೌಲಿಂಗ್ ಮಾಡುವವರು ಅವರನ್ನು ಔಟ್ ಮಾಡದಂತೆ ಎಚ್ಚರ ವಹಿಸುವುದು ಎಂಬ ತಮಾಷೆಯೂ ನಡೆಯುತ್ತಿತ್ತು. ಆ ವರ್ಷದ ತಿದ್ದುಪಡಿ ಪಂದ್ಯದ ಕೊನೆಯ ದಿನ ಮಾತ್ರ ಡಿಕ್ಲೇರ್ ಮಾಡಲು ಅವಕಾಶ ಕೊಟ್ಟಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಟ್ಟು ಸಡಿಲಿಸಿದರು.

ಲೆಕ್ಕ ಮೇಲ್ನೋಟಕ್ಕೆ ಸುಲಭ. ದಿನಕ್ಕೆ 90 ಓವರ್. ಕೊನೆಯ ದಿನ ಬೆಳಿಗ್ಗೆ 350 ಮುಂದಿದ್ದೀರಿ ಎಂದರೆ ಎದುರಾಳಿ ಓವರಿಗೆ ನಾಲ್ಕರ ಹತ್ತಿರ ಹೊಡೆಯಬೇಕು. ಆದರೆ ನಾಯಕ ಎಣಿಸುವುದು ಇದೊಂದನ್ನೇ ಅಲ್ಲ. 80 ಓವರ್ ಆದ ಮೇಲೆ ಹೊಸ ಚೆಂಡು ಸಿಗುತ್ತದೆ. ನೂರು ಓವರ್ ಉಳಿಸಿಕೊಂಡು ಡಿಕ್ಲೇರ್ ಮಾಡಿದವನಿಗೆ ಆಟ ಮುಗಿಯುವ ಹೊತ್ತಿಗೆ ವೇಗಿಗಳ ಕೈಗೆ ಇನ್ನೊಂದು ಕೆಂಪು ಚೆಂಡು ಕೊಡಬಹುದು, 70 ಓವರ್ ಉಳಿಸಿಕೊಂಡವನಿಗೆ ಆ ಭಾಗ್ಯವಿಲ್ಲ. ಎರಡು ಇನಿಂಗ್ಸ್ ನಡುವಿನ ಬಿಡುವು ಹತ್ತೇ ನಿಮಿಷ. ದಿನವಿಡೀ ಬಿಸಿಲಲ್ಲಿ ಚೆಂಡು ಹೆಕ್ಕಿದ ಆರಂಭಿಕ ಬ್ಯಾಟರ್ ಪೆವಿಲಿಯನ್‌ಗೆ ಓಡಿ, ಪ್ಯಾಡ್ ಕಟ್ಟಿಕೊಂಡು, ಸಂಜೆಯ ನೆರಳಿನಲ್ಲಿ ಹೊಸ ಚೆಂಡು ಎದುರಿಸಬೇಕು. ದಿನದ ಕೊನೆಯಲ್ಲಿ ಹತ್ತು ಹದಿನೈದು ಓವರ್ ಇರುವಾಗ ಡಿಕ್ಲೇರ್ ಮಾಡುವುದು ಇದಕ್ಕೇ. ಪಿಚ್ ಮೇಲೆ ರೋಲರ್ ಎಳೆಸುವ ಲೆಕ್ಕವೂ ಇದೆ. 1948ರಲ್ಲಿ ಲೀಡ್ಸ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಯಾರ್ಡ್ಲಿ ಕೊನೆಯ ದಿನ ಬೆಳಿಗ್ಗೆ ಎರಡೇ ಓವರ್ ಆಡಿ ಡಿಕ್ಲೇರ್ ಮಾಡಿದರು. ತಾವು ಬ್ಯಾಟಿಂಗ್ ಮುಂದುವರಿಸುವ ನೆಪದಲ್ಲಿ ಭಾರದ ರೋಲರ್ ಹಾಕಿಸಿ ಪಿಚ್ ಒಡೆಯುವಂತೆ ಮಾಡುವುದು ಅವರ ಉಪಾಯ. ಆದರೆ ಆಸ್ಟ್ರೇಲಿಯಾ ಮೂರೇ ವಿಕೆಟ್ ಕಳೆದುಕೊಂಡು 404 ರನ್ ಹೊಡೆದು ಗೆದ್ದಿತು. ಆರ್ಥರ್ ಮಾರಿಸ್ 182, ಬ್ರಾಡ್ಮನ್ ಔಟಾಗದೆ 173.

ಇಂಥ ಕಥೆಗಳಿಗೆ ಹೆದರಿಯೇ ನಾಯಕರು ತಡ ಮಾಡುತ್ತಾರೆ. ಬೇಗ ಡಿಕ್ಲೇರ್ ಮಾಡಿ ಸೋತವನ ಹೆಸರು ಐವತ್ತು ವರ್ಷ ಉಳಿಯುತ್ತದೆ. ತಡವಾಗಿ ಡಿಕ್ಲೇರ್ ಮಾಡಿ ಗೆಲ್ಲಬೇಕಾದ ಪಂದ್ಯವನ್ನು ಡ್ರಾ ಮಾಡಿಕೊಂಡವನನ್ನು ಯಾರೂ ಕಟಕಟೆಗೆ ಎಳೆಯುವುದಿಲ್ಲ. ನನ್ನ ಪ್ರಕಾರ ಹೆಚ್ಚು ಪಂದ್ಯ ಕೈತಪ್ಪುವುದು ಈ ಎರಡನೆಯ ಬಗೆಯಿಂದ.

2004ರ ಜನವರಿಯ ಸಿಡ್ನಿ ಟೆಸ್ಟ್ ನೋಡಿ. ಭಾರತ 7 ವಿಕೆಟ್‌ಗೆ 705 ಡಿಕ್ಲೇರ್, ಸಚಿನ್ ಔಟಾಗದೆ 241. ಆಸ್ಟ್ರೇಲಿಯಾ 474, ಅನಿಲ್ ಕುಂಬ್ಳೆ ಒಬ್ಬರೇ 8 ವಿಕೆಟ್ ಕಿತ್ತರು. 231 ರನ್ನಿನ ಮುನ್ನಡೆ ಇತ್ತು, ಫಾಲೋಆನ್ (ಎದುರಾಳಿಯೇ ತಕ್ಷಣ ಮತ್ತೆ ಬ್ಯಾಟಿಂಗ್ ಮಾಡುವಂತೆ ಮಾಡುವುದು) ಹೇರಬಹುದಿತ್ತು. ಆದರೆ ಕುಂಬ್ಳೆ ಆಗಲೇ 46 ಓವರ್‌ಗಿಂತ ಹೆಚ್ಚು ಎಸೆದಿದ್ದರು. ನಾಯಕ ಸೌರವ್ ಗಂಗೂಲಿ ಮತ್ತೆ ಬ್ಯಾಟಿಂಗ್ ಆಯ್ದುಕೊಂಡರು. ಇದು ತಪ್ಪೆಂದು ನಾನು ಹೇಳುವುದಿಲ್ಲ. ಹೇಳುವುದು ಮುಂದಿನದರ ಬಗ್ಗೆ: 2 ವಿಕೆಟ್‌ಗೆ 211 ಆಗಿ ಗುರಿ 443 ಮುಟ್ಟುವ ತನಕ ಅವರು ಕೈ ಬಿಡಲಿಲ್ಲ. ಟೆಸ್ಟ್ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ದೊಡ್ಡ ಮೊತ್ತ ಬೆನ್ನಟ್ಟಿ ಗೆದ್ದಿರಲಿಲ್ಲ. ಆಸ್ಟ್ರೇಲಿಯಾ 6 ವಿಕೆಟ್‌ಗೆ 357ಕ್ಕೆ ನಿಂತಿತು; ಕುಂಬ್ಳೆಗೆ ಮತ್ತೆ 4 ವಿಕೆಟ್. ಸರಣಿ 1–1 ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಸ್ಟ್ರೇಲಿಯಾದಲ್ಲಿ ಭಾರತ ಮೊದಲ ಟೆಸ್ಟ್ ಸರಣಿ ಗೆದ್ದದ್ದು 2018–19ರಲ್ಲಿ. ಆದರೂ ಆ ಸಿಡ್ನಿ ಪಂದ್ಯವೆಂದರೆ ನಮಗೆ ಸಚಿನ್ ಇನಿಂಗ್ಸ್, ಸ್ಟೀವ್ ವಾ ವಿದಾಯ, ಅಷ್ಟೇ. ಗಂಗೂಲಿ ಅರ್ಧ ತಾಸು ಮೊದಲೇ ನಿಲ್ಲಿಸಬೇಕಿತ್ತೇ ಎಂಬ ಚರ್ಚೆ ಅಂದೇ ತಣ್ಣಗಾಯಿತು.

ಡಿಕ್ಲೇರ್ ಮಾಡಿದಾಗ ಅಲ್ಲಿ ಕ್ರೀಸ್‌ನಲ್ಲಿದ್ದವರಲ್ಲಿ ಒಬ್ಬರು ರಾಹುಲ್ ದ್ರಾವಿಡ್, ಔಟಾಗದೆ 91. ಮೂರು ತಿಂಗಳೊಳಗೆ ಅವರೇ ತೀರ್ಮಾನ ಮಾಡುವ ಸ್ಥಾನಕ್ಕೆ ಬಂದರು. ಗಂಗೂಲಿ ಗಾಯಗೊಂಡಿದ್ದರಿಂದ ಪಾಕಿಸ್ತಾನದ ವಿರುದ್ಧದ ಮುಲ್ತಾನ್ ಟೆಸ್ಟ್‌ಗೆ ದ್ರಾವಿಡ್ ಹಂಗಾಮಿ ನಾಯಕ. ಮಾರ್ಚ್ 29, ಎರಡನೆಯ ದಿನದ ಕೊನೆಯ ಅವಧಿ. ಸೆಹ್ವಾಗ್ 309 ಹೊಡೆದು ಹೋಗಿದ್ದರು. ಸಚಿನ್ 194ರಲ್ಲಿದ್ದರು. ಇನ್ನೊಂದು ತುದಿಯಲ್ಲಿ ಯುವರಾಜ್ 59ಕ್ಕೆ ಔಟಾದದ್ದೇ ತಡ, ಪೆವಿಲಿಯನ್‌ನಿಂದ ಕರೆ ಬಂತು. ದ್ವಿಶತಕಕ್ಕೆ ಆರು ರನ್ ಬಾಕಿ. ದೇಶವೇ ಎರಡು ಬಣವಾಯಿತು. ಕರ್ನಾಟಕದಲ್ಲಿ ದ್ರಾವಿಡ್ ಪರ ವಕಾಲತ್ತಿಗೆ ಜನ ಕಡಿಮೆ ಇರಲಿಲ್ಲ ಎನ್ನುವುದು ಬೇರೆ ಮಾತು. ತಮಗೆ ನಿರಾಶೆಯಾಯಿತೆಂದು ಸಚಿನ್ ಮುಚ್ಚಿಡಲಿಲ್ಲ.

ಭಾರತ ಗೆದ್ದದ್ದು ಇನಿಂಗ್ಸ್ ಮತ್ತು 52 ರನ್‌ಗಳಿಂದ, ಪಾಕಿಸ್ತಾನದ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಗೆಲುವು. ಪಂದ್ಯ ಐದನೆಯ ದಿನ ಬೆಳಿಗ್ಗೆ ಬೇಗ ಮುಗಿದುಹೋಯಿತು. ಸಮಯ ಮಿಕ್ಕಿತ್ತಲ್ಲ, ಇನ್ನೊಂದು ಓವರ್ ಕೊಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೇಳುವವರು ಈಗಲೂ ಇದ್ದಾರೆ. ಆದರೆ ಸಮಯ ಮಿಗುತ್ತದೆ ಎಂದು ಎರಡನೆಯ ದಿನದ ಸಂಜೆ ಯಾರಿಗೆ ಗೊತ್ತಿತ್ತು? ತೀರ್ಮಾನವನ್ನು ಅಳೆಯಬೇಕಾದದ್ದು ಆ ಹೊತ್ತಿಗೆ ಇದ್ದ ತಿಳಿವಳಿಕೆಯಿಂದ. ಸಿಡ್ನಿಯ ಪಾಠ ಅವರ ಕಣ್ಣೆದುರೇ ಇತ್ತು. ನನ್ನ ಮತ ದ್ರಾವಿಡ್‌ಗೇ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯಲ್ಲೂ ಕರ್ನಾಟಕದವರೇ ಇದ್ದಾರೆ. 2016ರ ಡಿಸೆಂಬರ್, ಚೆನ್ನೈ. ಮೂರನೆಯ ಟೆಸ್ಟ್ ಆಡುತ್ತಿದ್ದ ಕರುಣ್ ನಾಯರ್ 300 ದಾಟುವ ತನಕ ವಿರಾಟ್ ಕೊಹ್ಲಿ ಕಾದರು; ದಾಟಿದ ತಕ್ಷಣ 7 ವಿಕೆಟ್‌ಗೆ 759 ಡಿಕ್ಲೇರ್. ನಾಯರ್ ಔಟಾಗದೆ 303. ಉಳಿದಿದ್ದದ್ದು ಒಂದು ದಿನ ಮತ್ತು ಚೂರುಪಾರು. ಐದನೆಯ ದಿನ ಜಡೇಜ 7 ವಿಕೆಟ್ ಕಿತ್ತು ಇಂಗ್ಲೆಂಡನ್ನು 207ಕ್ಕೆ ಕೆಡವಿದರು, ಭಾರತ ಇನಿಂಗ್ಸ್ ಮತ್ತು 75 ರನ್ನಿಂದ ಗೆದ್ದಿತು. ಜಡೇಜ ಅಂದು ಸಾಧಾರಣವಾಗಿ ಎಸೆದಿದ್ದರೆ ಕೊಹ್ಲಿಯ ಔದಾರ್ಯವನ್ನು ಏನೆಂದು ಕರೆಯುತ್ತಿದ್ದೆವೋ!

ನಿಜಕ್ಕೂ ಅಸಾಧಾರಣ ಎನ್ನಬಹುದಾದ ಡಿಕ್ಲೇರ್‌ಗಳು ಮಳೆಯ ಸಂಗ ಮಾಡಿದವು. 1937ರ ಹೊಸ ವರ್ಷದ ಟೆಸ್ಟ್, ಮೆಲ್ಬರ್ನ್. ಆಗ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಿದ್ದು ಬಿಸಿಲು ತಾಗಿದ ಪಿಚ್ ಮೇಲೆ ಚೆಂಡು ಎತ್ತ ಏಳುತ್ತದೆಂದು ಬೌಲರ್‌ಗೇ ತಿಳಿಯದು. ಸರಣಿಯಲ್ಲಿ 0–2 ಹಿಂದಿದ್ದ ಆಸ್ಟ್ರೇಲಿಯಾದ ನಾಯಕ ಬ್ರಾಡ್ಮನ್ 9 ವಿಕೆಟ್‌ಗೆ 200 ಡಿಕ್ಲೇರ್ ಮಾಡಿ ಇಂಗ್ಲೆಂಡನ್ನು ಆ ಕೆಸರಿಗೆ ಇಳಿಸಿದರು. ವಿಕೆಟ್‌ಗಳು ಪಟಪಟ ಬಿದ್ದವು, ಅಷ್ಟಕ್ಕೇ ಬ್ರಾಡ್ಮನ್ ಗಾಬರಿಗೊಂಡರು: ಇವರು ಬೇಗ ಔಟಾದರೆ ಅದೇ ಪಿಚ್ ಮೇಲೆ ನಾವೇ ಆಡಬೇಕಲ್ಲ! ಔಟ್ ಮಾಡಬೇಡಿ ಎಂದು ತಮ್ಮ ಬೌಲರ್‌ಗಳಿಗೆ ಹೇಳಿದರು. ಇಂಗ್ಲೆಂಡಿನ ಗಬ್ಬಿ ಅಲೆನ್ 9 ವಿಕೆಟ್‌ಗೆ 76 ಆದಾಗ ಡಿಕ್ಲೇರ್ ಮಾಡಿದರು. ಇನ್ನಷ್ಟು ಮೊದಲೇ ಮಾಡಬೇಕಿತ್ತು ಎಂಬ ಮಾತು ಇಂದಿಗೂ ಇದೆ. ಬ್ರಾಡ್ಮನ್ ಆಗ ಬ್ಯಾಟಿಂಗ್ ಕ್ರಮವನ್ನೇ ತಲೆಕೆಳಗು ಮಾಡಿ ಬಾಲಂಗೋಚಿಗಳಾದ ಓರೈಲಿ ಮತ್ತು ಫ್ಲೀಟ್‌ವುಡ್ ಸ್ಮಿತ್‌ರನ್ನು ಆರಂಭಿಕರನ್ನಾಗಿ ಕಳುಹಿಸಿದರು. ಪಿಚ್ ಒಣಗಿದ ಮೇಲೆ ಏಳನೆಯವರಾಗಿ ಇಳಿದು 270 ಹೊಡೆದರು, ಫಿಂಗಲ್‌ಟನ್ ಜೊತೆ 346 ರನ್ನಿನ ಜೊತೆಯಾಟ. ಆ ಪಂದ್ಯವನ್ನು 365 ರನ್ನಿಂದ, ಸರಣಿಯನ್ನು 3–2ರಿಂದ ಆಸ್ಟ್ರೇಲಿಯಾ ಗೆದ್ದಿತು.

2024ರ ಕಾನ್ಪುರವೂ ಇದೇ ಜಾತಿಯದು. ಬಾಂಗ್ಲಾದೇಶದ ವಿರುದ್ಧ ಎರಡು ದಿನ ಒಂದು ಚೆಂಡೂ ಬೀಳಲಿಲ್ಲ. ರೋಹಿತ್ ಶರ್ಮಾ ಪಡೆ 34.4 ಓವರ್‌ಗಳಲ್ಲಿ 9 ವಿಕೆಟ್‌ಗೆ 285 ಬಾರಿಸಿ, ಬರೀ 52 ರನ್ ಮುನ್ನಡೆಗೆ ಡಿಕ್ಲೇರ್ ಮಾಡಿ, ಕೊನೆಯ ದಿನ 7 ವಿಕೆಟ್‌ಗಳಿಂದ ಗೆದ್ದಿತು. ಡ್ರಾ ಎಂದು ಎಲ್ಲರೂ ಬರೆದಿಟ್ಟಿದ್ದ ಪಂದ್ಯ.

ಈ ಅಧಿಕಾರ ಕೆಟ್ಟ ಕೈಗೂ ಸಿಕ್ಕಿದೆ. 2000ದ ಜನವರಿಯಲ್ಲಿ ಸೆಂಚುರಿಯನ್‌ನಲ್ಲಿ ಮಳೆಗೆ ಆಹುತಿಯಾದ ಟೆಸ್ಟ್‌ಗೆ ಜೀವ ತುಂಬಲು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಒಂದು ಇನಿಂಗ್ಸ್ ಬಿಟ್ಟುಕೊಟ್ಟರು, ಇಂಗ್ಲೆಂಡೂ ಒಂದು ಬಿಟ್ಟುಕೊಟ್ಟಿತು. ಇಂಗ್ಲೆಂಡ್ ಎರಡು ವಿಕೆಟ್‌ಗಳಿಂದ ಗೆದ್ದಿತು. ಎಂಥ ಧೀರ ನಾಯಕ ಎಂದು ಕೊಂಡಾಡಿದವರು, ಅದರ ಹಿಂದೆ ಬುಕ್ಕಿಯೊಬ್ಬನ ಹಣ ಮತ್ತು ಚರ್ಮದ ಜಾಕೆಟ್ ಇದ್ದದ್ದು ಅದೇ ವರ್ಷ ಹೊರಬಿದ್ದಾಗ ಮಾತು ನುಂಗಿಕೊಂಡರು. ಏಕದಿನ ಪಂದ್ಯಗಳಲ್ಲಿ ಡಿಕ್ಲೇರ್ ಇಲ್ಲದಿರುವುದಕ್ಕೂ ಒಬ್ಬ ನಾಯಕನ ಜಾಣತನವೇ ಕಾರಣ. 1979ರಲ್ಲಿ ಇಂಗ್ಲೆಂಡಿನ ಕೌಂಟಿ ಟೂರ್ನಿಯೊಂದರಲ್ಲಿ ಸಾಮರ್‌ಸೆಟ್ ನಾಯಕ ಬ್ರಿಯಾನ್ ರೋಸ್, ಗುಂಪಿನಲ್ಲಿ ತಮ್ಮ ಮೇಲಿನ ಸ್ಥಾನ ಕೆಡದಿರಲೆಂದು ಒಂದೇ ಓವರ್ ಆಡಿ 1 ರನ್‌ಗೆ ಡಿಕ್ಲೇರ್ ಮಾಡಿದರು. ವೂಸ್ಟರ್‌ಶೈರ್ ಹತ್ತು ಎಸೆತಗಳಲ್ಲಿ ಗೆದ್ದಿತು. ಸಾಮರ್‌ಸೆಟ್ ಅನ್ನು ಟೂರ್ನಿಯಿಂದಲೇ ಹೊರಹಾಕಿದರು.

ಇನ್ನು ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವರು ವೆಸ್ಟ್ ಇಂಡೀಸ್ ನಾಯಕ ಗ್ಯಾರಿ ಸೋಬರ್ಸ್. 1968ರ ಮಾರ್ಚ್, ಪೋರ್ಟ್ ಆಫ್ ಸ್ಪೇನ್, ಇಂಗ್ಲೆಂಡ್ ವಿರುದ್ಧದ ನಾಲ್ಕನೆಯ ಟೆಸ್ಟ್. ಮೊದಲ ಮೂರೂ ಡ್ರಾ. ವೆಸ್ಟ್ ಇಂಡೀಸ್ 7 ವಿಕೆಟ್‌ಗೆ 526 ಡಿಕ್ಲೇರ್; ಇಂಗ್ಲೆಂಡ್ 404. ಅಪರೂಪಕ್ಕೆ ಲೆಗ್ ಸ್ಪಿನ್ ಹಾಕುತ್ತಿದ್ದ ಬ್ಯಾಟರ್ ಬೇಸಿಲ್ ಬುಚರ್ 34 ರನ್ನಿಗೆ 5 ವಿಕೆಟ್ ಕಿತ್ತಿದ್ದರು. ಸೋಬರ್ಸ್ ಎರಡನೆಯ ಇನಿಂಗ್ಸನ್ನು 2 ವಿಕೆಟ್‌ಗೆ 92ಕ್ಕೆ ನಿಲ್ಲಿಸಿ 165 ನಿಮಿಷದಲ್ಲಿ 215 ರನ್ ಗುರಿ ಒಡ್ಡಿದರು. ವೇಗಿ ಚಾರ್ಲಿ ಗ್ರಿಫಿತ್ ಗಾಯಗೊಂಡು ಬೌಲ್ ಮಾಡುವ ಸ್ಥಿತಿಯಲ್ಲಿರಲಿಲ್ಲ. ಬಾಯ್ಕಾಟ್ ಔಟಾಗದೆ 80, ಕೌಡ್ರಿ 71. ಮೂರು ನಿಮಿಷ ಉಳಿದಿರುವಂತೆ ಇಂಗ್ಲೆಂಡ್ 7 ವಿಕೆಟ್‌ಗಳಿಂದ ಗೆದ್ದಿತು. ಬೌಲರ್ ಒಬ್ಬ ಕಡಿಮೆಯಿದ್ದಾಗ ಆ ಗುರಿ ಚಿಕ್ಕದಾಯಿತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸತ್ತು ಮಲಗಿದ್ದ ಸರಣಿಯಲ್ಲಿ ಗೆಲ್ಲಲು ಪ್ರಯತ್ನಿಸಿದ ನಾಯಕ ಅವರೊಬ್ಬರೇ ಎಂಬುದನ್ನು ಕೆರಿಬಿಯನ್ ದ್ವೀಪಗಳಲ್ಲಿ ಅಂದು ಯಾರೂ ಕೇಳುವ ಮನಃಸ್ಥಿತಿಯಲ್ಲಿರಲಿಲ್ಲ. ಮುಂದಿನ ಟೆಸ್ಟ್ ಜಾರ್ಜ್‌ಟೌನ್‌ನಲ್ಲಿ. ಸೋಬರ್ಸ್ 152 ಮತ್ತು ಔಟಾಗದೆ 95 ಗಳಿಸಿದರು. ಇಂಗ್ಲೆಂಡ್ 9 ವಿಕೆಟ್‌ಗೆ 206; ಲಾನ್ಸ್ ಗಿಬ್ಸ್ ಎಸೆದ ಕೊನೆಯ ಓವರ್ ಅನ್ನು ಹನ್ನೊಂದನೆಯ ಆಟಗಾರ ಜೆಫ್ ಜೋನ್ಸ್ ಹೇಗೋ ತಡೆದು ಪಂದ್ಯ ಡ್ರಾ ಮಾಡಿದರು, ಸರಣಿ 1–0 ಇಂಗ್ಲೆಂಡ್ ಪಾಲಾಯಿತು.