ಪೇಟಿ ಕಲಿಯುವವರಿಗೆ: ಮೊದಲ 15 ದಿನ ಎಡಗೈಗೆ

ಶ್ರಾವಣ ಸಮೀಪಿಸಿದರೆ ಕಲಬುರಗಿ ಸೀಮೆಯ ಊರೂರಲ್ಲೂ ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ, ಹೊರಗೆ ಬರುತ್ತದೆ. ಹೊಸದಾಗಿ ಕಲಿಯಲು ಕೂತವರು ಮೊದಲು ಬಲಗೈ ಬೆರಳಿನಿಂದ ಹಾಡು ಹುಡುಕುತ್ತಾರೆ. ವಾರದಲ್ಲಿ ಹಾಡು ಸಿಕ್ಕೂಬಿಡುತ್ತದೆ. ಆದರೆ ಸಾಲಿನ ನಡುವೆ ಸ್ವರ ಕುಸಿಯುತ್ತದೆ, ಮತ್ತೆ ಎದ್ದು ಕಿರುಚುತ್ತದೆ. ಕೈಗೆ ಅಂಟಿದ ಈ ಚಾಳಿ ಬಿಡಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಮೊದಲ 15 ದಿನ ತಿದಿ ಹಾಕುವ ಎಡಗೈಗೆ ಮೀಸಲಿಡಿ.

ಪೇಟಿಯಲ್ಲಿ ತಿದಿ ಎರಡು. ಹಿಂದೆ ಕಾಣುವುದು ಹೊರತಿದಿ, ಕೈಯಿಂದ ಹಾಕುವುದು ಅದನ್ನೇ. ಪೆಟ್ಟಿಗೆಯ ತಳದಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದಿರುವ ಒಳತಿದಿ ಇದೆ. ಹೊರತಿದಿ ತೆರೆದಾಗ ಗಾಳಿ ಒಳಬರುತ್ತದೆ, ಮುಚ್ಚಿದಾಗ ಒಳತಿದಿಗೆ ಹೋಗುತ್ತದೆ. ನಡುವಿನ ಚರ್ಮದ ಮುಚ್ಚಳ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ರೀಡುಗಳಿಗೆ, ಅಂದರೆ ಸ್ವರ ಕೊಡುವ ಹಿತ್ತಾಳೆಯ ನಾಲಿಗೆಗಳಿಗೆ, ಗಾಳಿ ಒದಗಿಸುವುದು ಒಳತಿದಿ. ಅದು ತುಂಬಿದ್ದಷ್ಟು ಹೊತ್ತು ಸ್ವರ ಸಮನಾಗಿರುತ್ತದೆ. ಕೊಡ ಬರಿದಾಗುವ ಮುಂಚೆಯೇ ನೀರು ಹಾಕುತ್ತಿರಬೇಕು, ಇಷ್ಟೇ ಲೆಕ್ಕ.

ಕೊಂಡಿ ಬಿಚ್ಚಿ, ಮುಂದಿನ ಮುಖ್ಯ ಸ್ಟಾಪರ್ (ಗಾಳಿಯ ದಾರಿ ತೆರೆಯುವ ಗುಂಡಿ) ಎಳೆಯಿರಿ. ಶ್ರುತಿಯ ಸ್ಟಾಪರ್‌ಗಳು ಮುಚ್ಚಿರಲಿ. ಬಿಳಿ ಒಂದನ್ನು, ಅಂದರೆ ಜೋಡಿ ಕರಿ ಮನೆಗಳ (ಕೀಲಿಗಳ) ಎಡಕ್ಕಿರುವ ಬಿಳಿ ಮನೆಯನ್ನು, ಒತ್ತಿ ಹಿಡಿಯಿರಿ. ಬಿಳಿ, ಕರಿ ಮನೆಗಳ ಎಣಿಕೆ ಅಲ್ಲಿಂದಲೇ ಬಲಕ್ಕೆ. ತಿದಿಯನ್ನು ಮೂರು ನಾಲ್ಕು ಬೆರಳಗಲ ಮಾತ್ರ ತೆರೆಯಿರಿ: ತೆರೆಯಲು ಒಂದು ಮಾತ್ರೆ (ತಾಳದ ಒಂದು ಎಣಿಕೆ), ಮುಚ್ಚಲು ಮೂರು ಮಾತ್ರೆ. 16 ಮಾತ್ರೆ ಮುಗಿಯುವವರೆಗೆ ಒಂದೇ ಸ್ವರ. ತಿದಿ ತೆರೆಯುವ ಗಳಿಗೆ ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗಬಾರದು. ದಿನಕ್ಕೆ 10 ನಿಮಿಷ ಇದೊಂದನ್ನೇ ಮಾಡಿ. ಬೇಸರ ಬರುತ್ತದೆ, ಬಿಡಬೇಡಿ. ಸ್ವರ ತುಂಡಾದರೆ ಒಳತಿದಿ ಬರಿದಾಗಿದೆ ಎಂದು ತಿಳಿಯಿರಿ. ಜೋರಾಗಿ ಹಾಕಿದಾಗ ಸ್ವರ ಕೊಂಚ ಇಳಿದಂತೆ ಕೇಳಿದರೆ ಅದು ನಿಮ್ಮ ಕಿವಿಯ ಭ್ರಮೆಯಲ್ಲ. ಒತ್ತಡ ಹೆಚ್ಚಾದರೆ ಹಿತ್ತಾಳೆಯ ರೀಡು ನಿಜವಾಗಿಯೂ ಸ್ವಲ್ಪ ತಗ್ಗುತ್ತದೆ, ಮಂದ್ರದಲ್ಲಿ (ತಗ್ಗಿನ ಸಪ್ತಕದಲ್ಲಿ) ಇನ್ನೂ ಹೆಚ್ಚು.

ಇನ್ನು ಬೆರಳು. ಗಂಡಸರು ಸಾಮಾನ್ಯವಾಗಿ ಕರಿ ಒಂದರ ಆಸುಪಾಸಿನಲ್ಲಿ, ಹೆಂಗಸರು ಕರಿ ನಾಲ್ಕು, ಐದರ ಆಸುಪಾಸಿನಲ್ಲಿ ಹಾಡುತ್ತಾರೆ. ಮುಮ್ಮೇಳದವರ (ಮುಂದಾಗಿ ಹಾಡುವವರ) ಗಂಟಲು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಷಡ್ಜ, ಅಂದರೆ ಸ. ಬಿಳಿ ಒಂದರಿಂದ ಬಿಳಿ ಮನೆಗಳನ್ನೇ ಹಿಡಿದು ಹೋದರೆ ಎಲ್ಲ ಶುದ್ಧ ಸ್ವರಗಳ ಬಿಲಾವಲ್ ಥಾಟ್ ಸಿಗುತ್ತದೆ. ಸ ರಿ ಗ ಮುಗಿದ ಮೇಲೆ ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗಿಂದ ತಂದು ಮ ಹಿಡಿಯಬೇಕು. ಕೈ ಎತ್ತಿ ಹಾರಿಸಿದರೆ ಅಲ್ಲಿ ಸ್ವರ ಕಡಿಯುತ್ತದೆ. ಕರಿ ಒಂದರಿಂದ ಶುರುಮಾಡಲು ಹೊಸಬರು ಅಂಜುತ್ತಾರೆ, ಬೆರಳಿಗೆ ಅದೇ ಹಿತ. ಸ ಮತ್ತು ರಿ ಕರಿ ಒಂದು, ಎರಡು. ಗ ಬಿಳಿ ನಾಲ್ಕು. ಮ ಪ ದ ಕರಿ ಮೂರು, ನಾಲ್ಕು, ಐದು. ನಿ ಮೇಲಿನ ಬಿಳಿ ಒಂದು. ಎರಡೇ ಎರಡು ಬಿಳಿ ಮನೆ, ಎರಡಕ್ಕೂ ಹೆಬ್ಬೆರಳು. ಉದ್ದ ಬೆರಳುಗಳಿಗೆ ಎತ್ತರದ ಕರಿ ಮನೆಗಳು ತಾವಾಗಿಯೇ ಸಿಗುತ್ತವೆ.

ಮನೆಯನ್ನು ಗಟ್ಟಿಯಾಗಿ ಕುಟ್ಟಿದರೆ ದನಿ ದೊಡ್ಡದಾಗುವುದಿಲ್ಲ, ಮರದ ಟಕಟಕ ಸದ್ದಷ್ಟೇ ಬರುತ್ತದೆ. ಹೊಸ ಮನೆ ಒತ್ತುವ ಗಳಿಗೆಯಲ್ಲೇ ಹಳೆಯದನ್ನು ಬಿಡಬೇಕು. ಮುಂಚೆ ಬಿಟ್ಟರೆ ಸಂದು ಬೀಳುತ್ತದೆ, ತಡವಾದರೆ ಎರಡು ಸ್ವರ ತಿಕ್ಕಾಡುತ್ತವೆ. ದೊಡ್ಡ ಚರ್ಚುಗಳ ಪೈಪ್ ಆರ್ಗನ್ನಿಗೂ ಇದೇ ನಿಯಮ. ಅಲ್ಲಿ ಗಾಳಿಯನ್ನು ಯಂತ್ರ ಊದುತ್ತದೆ, ಎಡಗೈಯೂ ಸ್ವರಕ್ಕೆ ಬಿಡುವಾಗುತ್ತದೆ, ಕಾಲುಗಳು ಕೆಳಗಿನ ಮಂದ್ರದ ಪಟ್ಟಿಗಳನ್ನು ಒತ್ತುತ್ತವೆ. ಬೀದರಿನ ಚರ್ಚಿನಲ್ಲಿ ಪೇಟಿ ಹಿಡಿದ ಹುಡುಗಿಯೊಬ್ಬಳು ನಾಳೆ ಅಂಥ ವಾದ್ಯದ ಮುಂದೆ ಕೂತರೆ ಬಲಗೈಯ ಈ ಅಭ್ಯಾಸ ಹಾಗೆಯೇ ಕೆಲಸಕ್ಕೆ ಬರುತ್ತದೆ.

ನಮ್ಮ ಸೀಮೆಯ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಸಾಥ್ ಕೊಡುವಾಗ ಒಂದು ಸಂಯಮ ಬೇಕು. ಮುಂದಿನವರು ಸಾಲು ಎತ್ತುವಾಗ ಷಡ್ಜ ಹಿಡಿದು ಕೂತಿರಿ, ಸಾಲು ಇಳಿದು ನಿಲ್ಲುವ ಸ್ವರ ತೋರಿಸಿ, ಸಾಕು. ಹಿಮ್ಮೇಳ ಅದೇ ಸಾಲು ತಿರುಗಿ ಹೇಳುವಾಗ ಪೂರ್ತಿ ಬಾರಿಸಿ. ಹಾಡುಗಾರರ ಗಂಟಲು ಎರಡು ಸ್ವರಗಳ ನಡುವೆ ಜಾರುತ್ತದೆ. ಪೇಟಿಗೆ ಆ ಜಾರು ಇಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಈ ಕೊರತೆಯೂ ಒಂದು ಕಾರಣ. ಬೆರಳು ಓಡಿಸಿ ಜಾರನ್ನು ನಟಿಸಲು ಹೋದರೆ ಪದ ಕೆಡುತ್ತದೆ.

ಮೊದಲ ಪೇಟಿ ಕೊಳ್ಳುವವರಿಗೆ ಮೂರೂವರೆ ಸಪ್ತಕ, ಎರಡು ಸಾಲು ರೀಡು ಇದ್ದರೆ ಸಾಕು. ಸ್ಕೇಲ್ ಚೇಂಜರ್ ಬೇಡ. ಮನೆಗಳ ಸಾಲನ್ನೇ ಸರಿಸುವ ಆ ಏರ್ಪಾಡು ಸಡಿಲಾದರೆ ರಿಪೇರಿ ಕಷ್ಟ, ಕಲಿಯುವವರು ಬೇರೆ ಬೇರೆ ಷಡ್ಜದಿಂದ ಬಾರಿಸುವುದನ್ನೂ ಕಲಿಯದೆ ಉಳಿಯುತ್ತಾರೆ. ಅಂಗಡಿಯಲ್ಲಿ ಸ್ಟಾಪರ್‌ಗಳನ್ನೆಲ್ಲ ಮುಚ್ಚಿ, ತಿದಿ ನಾಲ್ಕೈದು ಸಲ ಹಾಕಿ. ಆಮೇಲೆ ತಿದಿ ಬಿಗಿದು ನಿಲ್ಲಬೇಕು. ಮೆತ್ತಗೆ ಒಳಗೆ ಹೋಗುತ್ತಲೇ ಇದ್ದರೆ ಗಾಳಿ ಎಲ್ಲೋ ಸೋರುತ್ತಿದೆ.

ನಮ್ಮ ಸೀಮೆಯ ಬಿಸಿಲು ಪೇಟಿಗೆ ದೊಡ್ಡ ವೈರಿ. ಏಪ್ರಿಲ್, ಮೇ ತಿಂಗಳ 42 ಡಿಗ್ರಿಯಲ್ಲಿ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಗಾಳಿ ಸೋರುತ್ತದೆ. ತಗಡಿನ ಕೋಣೆಯಲ್ಲಿ, ಟಂಟಂ (ಮೂರು ಗಾಲಿಯ ಬಾಡಿಗೆ ಗಾಡಿ) ಮೇಲೆ ಬಿಸಿಲಿಗೆ ಇಡಬೇಡಿ. ಮಳೆ ಹಿಡಿದ ಶ್ರಾವಣದಲ್ಲಿ ಅದೇ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಆಗ ಎಣ್ಣೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಎಣ್ಣೆಗೆ ಧೂಳು ಹತ್ತಿ ಮನೆ ಇನ್ನೂ ಬಿಗಿಯುತ್ತದೆ. ಒಣ ಹವೆಯಲ್ಲಿ ಎರಡು ದಿನ ಮುಚ್ಚಳ ತೆಗೆದಿಡಿ.

ಮನೆ ಒತ್ತದೆಯೇ ಸ್ವರ ಗುಂಯ್ ಎನ್ನುತ್ತಿದ್ದರೆ ಅದರ ಕೆಳಗಿನ ಚರ್ಮದ ಮುಚ್ಚಳಕ್ಕೆ ಕಸ ಸಿಕ್ಕಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ. ಒತ್ತಿದರೂ ಮೂಕವಾಗಿದ್ದರೆ ರೀಡಿನ ನಾಲಿಗೆಗೂ ಚೌಕಟ್ಟಿಗೂ ನಡುವೆ ಧೂಳು ಕೂತಿರುತ್ತದೆ. ಮೆತ್ತನೆಯ ಒಣ ಬ್ರಶ್ಶಿನಿಂದ ಝಾಡಿಸಿ, ತೆಳು ಕಾಗದವನ್ನು ನಾಲಿಗೆಯ ಕೆಳಗೆ ಹಾಯಿಸಿ ಎಳೆಯಿರಿ. ಬ್ಲೇಡು, ಸೂಜಿ ತಾಗಿಸಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಕೆರೆದುಹೋದ ಹಿತ್ತಾಳೆ ಮತ್ತೆ ಬರುವುದಿಲ್ಲ. ಭಜನೆ ಮುಗಿದ ಮೇಲೆ ಸ್ಟಾಪರ್ ಒಳಗೆ ತಳ್ಳಿ, ತಿದಿ ಪೂರ್ತಿ ಮುಚ್ಚಿ ಕೊಂಡಿ ಹಾಕಿ, ನೂಲಿನ ಬಟ್ಟೆ ಹೊದಿಸಿಡಿ.