ಔಷಧಿ ಹಿಡಿಯಲಿಲ್ಲ ಎನ್ನುವ ಮೊದಲು

ಆರ್ದ್ರಾ ಮಳೆ ಬಿಟ್ಟೂಬಿಡದೆ ಸುರಿಯುವ ದಿನಗಳಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರಿಂದ ನನಗೆ ಬರುವ ಕರೆಗಳು ಹೆಚ್ಚಾಗಿ ಒಂದೇ ಮಾತಿನಿಂದ ಆರಂಭವಾಗುತ್ತವೆ: "ಔಷಧಿ ಹೊಡೆದರೂ ಕೊಳೆ ಬಂತು ಸಾರ್, ಈ ಸಲದ ಮೈಲುತುತ್ತವೇ ಸರಿಯಿಲ್ಲ." ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಮೈಲುತುತ್ತ ಎಂದರೆ ಅದನ್ನು ತಡೆಯುವ ಔಷಧಿಗೆ ಬಳಸುವ ತಾಮ್ರದ ಲವಣ. ನಾನು ಸಸ್ಯರೋಗ ತಜ್ಞನಲ್ಲ, ಸಿಂಪರಣೆ ಯಂತ್ರಗಳ ಕೆಲಸ ಮಾಡುವ ಕೃಷಿ ಎಂಜಿನಿಯರ್. ಆದರೂ ಇಂಥ ಕರೆ ಬಂದಾಗ ಮೈಲುತುತ್ತದ ಚೀಲಕ್ಕಿಂತ ಮೊದಲು ಪೆಟ್ರೋಲಿನ ಕ್ಯಾನು ನೋಡುವುದು ನನಗೆ ರೂಢಿಯಾಗಿದೆ. ಎಲ್ಲ ಸಲವೂ ತಪ್ಪು ಅಲ್ಲೇ ಇರುತ್ತದೆ ಎಂದು ಹೇಳಲಾರೆ. ಆದರೆ ಔಷಧಿಯ ಮೇಲೆ ಹೊರಿಸಿದ ಆರೋಪವನ್ನು ಎಂಜಿನ್ನಿನ ಮೇಲೆ ವರ್ಗಾಯಿಸಬೇಕಾಗಿ ಬಂದ ಸಂದರ್ಭಗಳು ಸಾಕಷ್ಟಿವೆ.

ಒಂದು ತೋಟದ ಉದಾಹರಣೆ ಹೇಳುತ್ತೇನೆ. ನಾಲ್ಕು ದಿನದ ಮಳೆಯ ನಂತರ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಔಷಧಿ ಹೊಡೆಯುವ ಕೊನೆಗೌಡರು ದೋಟಿ, ಅಂದರೆ ಉದ್ದನೆಯ ಕೋಲು, ಹಿಡಿದು ನಿಂತಿದ್ದರು, ಡ್ರಮ್ಮಿನಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಆಕಾಶನೀಲಿ ಬಣ್ಣಕ್ಕೆ ಬಂದು ಸಿದ್ಧವಾಗಿತ್ತು. ಸಿಂಪರಣೆ ಪಂಪಿನ ಟು-ಸ್ಟ್ರೋಕ್ ಎಂಜಿನ್ ಚಾಲೂ ಆಗಿ ಹತ್ತು ನಿಮಿಷ ಓಡಿ ನಿಂತಿತು. ಹಗ್ಗ ಎಳೆದೆಳೆದು ಸುಸ್ತಾದವರು ಪ್ಲಗ್ಗು ಬಿಚ್ಚಿ ಒರೆಸಿದರು, ಮತ್ತೆ ಹಾಕಿದರು, ಅದು ಮತ್ತೆ ಓಡಿ ಮತ್ತೆ ನಿಂತಿತು. ನಾನು ಹೋಗಿ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಕಟ್ಟೆಯ ಮೇಲಿಟ್ಟೆ. ಎರಡು ನಿಮಿಷದಲ್ಲಿ ಗೆರೆ ಎಳೆದಂತೆ ಎರಡು ಪದರ ಕಾಣಿಸಿತು: ಮೇಲೆ ಟು-ಟಿ ಆಯಿಲಿನ (ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆಯ) ಬಣ್ಣವಿದ್ದ ಪೆಟ್ರೋಲು, ಕೆಳಗೆ ಒಂದು ಬೆರಳು ದಪ್ಪದಷ್ಟು ಪೇಲವ ದ್ರವ. ಎಂಜಿನ್ ಹೀರುತ್ತಿದ್ದದ್ದು ತಳದ ಪದರವನ್ನು.

ಆ ತಳದ ದ್ರವ ಬರಿಯ ನೀರಲ್ಲ, ನೀರು ಮತ್ತು ಎಥನಾಲ್ ಸೇರಿದ್ದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲು ಈಗ ಎಲ್ಲ ಕಡೆ ಸಿಗುವ ಸಾಮಾನ್ಯ ಪೆಟ್ರೋಲಾಗಿದೆ. ಎಥನಾಲಿಗೆ ನೀರಿನ ಸೆಳೆತ ಹೆಚ್ಚು. ಸ್ವಲ್ಪ ನೀರು ಬಿದ್ದರೆ ಅದು ತನ್ನಲ್ಲಿ ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಆ ಮಿತಿ ದೊಡ್ಡದಲ್ಲ, ಒಂದು ಲೀಟರಿಗೆ ಕೆಲವು ಚಮಚ ನೀರು ಸಾಕು. ತಣ್ಣಗಾದಷ್ಟೂ ಮಿತಿ ಇನ್ನೂ ಕುಗ್ಗುತ್ತದೆ. ಹೀಗಾಗಿ ಮೇ ತಿಂಗಳ ಸೆಕೆಯಲ್ಲಿ ಒಂದಾಗಿದ್ದ ಪೆಟ್ರೋಲು ಜೂನಿನ ಥಂಡಿ ರಾತ್ರಿಯಲ್ಲಿ ಎರಡಾಗಬಹುದು. ಟು-ಸ್ಟ್ರೋಕ್ ಎಂಜಿನ್ನಿಗೆ ಇದು ವಿಶೇಷವಾಗಿ ಕೆಟ್ಟದ್ದು, ಏಕೆಂದರೆ ಅದರ ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಆಯಿಲು ಪೆಟ್ರೋಲಿನಲ್ಲೇ ಬೆರೆತು ಬರಬೇಕು, ಆದರೆ ಆಯಿಲು ಉಳಿಯುವುದು ಮೇಲಿನ ಪದರದಲ್ಲಿ. ಎಂಜಿನ್ ಜಾಮ್ ಆಗದೆ ಬರಿದೇ ನಿಂತದ್ದು ಆ ಯಜಮಾನರ ಅದೃಷ್ಟ. ಪದರ ಬೇರೆಯಾದ ಪೆಟ್ರೋಲನ್ನು ಕುಲುಕಿ ಒಂದು ಮಾಡಿದೆವೆಂದುಕೊಳ್ಳುವವರಿದ್ದಾರೆ. ಅದು ಒಂದಾಗುವುದಿಲ್ಲ, ಮೇಲಿನದ್ದನ್ನಷ್ಟೇ ಬಸಿದು ಬಳಸಿದರೂ ಎಥನಾಲ್ ಕಳೆದುಕೊಂಡ ಅದರ ಗುಣ ಮೊದಲಿನಂತಿರುವುದಿಲ್ಲ.

ನೀರು ಎಲ್ಲಿಂದ ಬಂತು ಎಂದು ಕೇಳಿದಾಗ ಯಜಮಾನರು ಬಂಕಿನವರನ್ನು ಬೈದರು. ವಿಚಾರಿಸಿದರೆ, ಅರ್ಧ ಕ್ಯಾನು ಪೆಟ್ರೋಲು ಹಿಂದಿನ ವರ್ಷದ ಎರಡನೆಯ ಸಿಂಪರಣೆಯಲ್ಲಿ ಉಳಿದದ್ದು, ಮುಚ್ಚಳ ಸಡಿಲವಾಗಿ ಕೊಟ್ಟಿಗೆಯ ಮೂಲೆಯಲ್ಲಿ ಇಡೀ ಮಳೆಗಾಲ ಕಳೆದದ್ದು. ಅದರ ಮೇಲೆ ಹೊಸದನ್ನು ಸುರಿಯಲಾಗಿತ್ತು. ಬಂಕಿನ ಮೇಲೆ ನಿಜವಾಗಿಯೂ ಅನುಮಾನವಿದ್ದರೆ ಅಲ್ಲಿಯೇ ಫಿಲ್ಟರ್ ಪೇಪರ್ ಪರೀಕ್ಷೆಯನ್ನೂ ಸಾಂದ್ರತೆಯ ಅಳತೆಯನ್ನೂ ಕೇಳುವ ಹಕ್ಕು ಗ್ರಾಹಕರಿಗಿದೆ, ಕೇಳಬೇಕು.

ಇನ್ನೊಂದು ಸಂಗತಿಯನ್ನು ಅದೇ ಕಟ್ಟೆಯ ಮೇಲೆ ಕಂಡೆ. ಮೈಲುತುತ್ತ ಕರಗಿಸಿದ ಮಗ್ಗಿನಲ್ಲಿಯೇ ಪೆಟ್ರೋಲು ಅಳೆಯುತ್ತಿದ್ದರು. ಪೆಟ್ರೋಲು ಹಳತಾಗುತ್ತ ಅಂಟು ಕಟ್ಟುವ ಕ್ರಿಯೆಯನ್ನು ತಾಮ್ರ ಚುರುಕುಗೊಳಿಸುತ್ತದೆ. ಆ ಅಂಟೇ ಕಾರ್ಬೊರೇಟರಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುವುದು. ಶಿಲೀಂಧ್ರವನ್ನು ತಡೆಯುವ ಲೋಹ ಎಂಜಿನ್ನನ್ನೂ ತಡೆಯಬಲ್ಲದು ಎಂದು ನಾನು ಹೇಳಿದಾಗ ಕೊನೆಗೌಡರು ನಕ್ಕರು, ಯಜಮಾನರು ನಗಲಿಲ್ಲ.

ಎಂಜಿನ್ ಪೂರಾ ನಿಂತುಹೋದರೆ ತಿಳಿಯುತ್ತದೆ. ಅದು ನಿಲ್ಲದೆ, ಸೊರಗಿದ ದನಿಯಲ್ಲಿ ಓಡುತ್ತಲೇ ಇದ್ದರೆ ಹೆಚ್ಚು ನಷ್ಟ. ವೇಗ ಕುಸಿದರೆ ಪಂಪಿನ ಒತ್ತಡ ಕುಸಿಯುತ್ತದೆ, ಒತ್ತಡ ಕುಸಿದರೆ ಹನಿ ದಪ್ಪವಾಗುತ್ತದೆ, ದಪ್ಪ ಹನಿ ಕಾಯಿಯ ಮೇಲೆ ನಿಲ್ಲದೆ ಜಾರಿ ಕೆಳಗೆ ತೊಟ್ಟಿಕ್ಕುತ್ತದೆ. ನೆಲದಿಂದ ದೋಟಿಯಲ್ಲಿ ಹೊಡೆಯುವಾಗಲಂತೂ ಅಡಿಕೆ ಕೊನೆಯ ಹಿಂಭಾಗಕ್ಕೆ ಔಷಧಿ ತಲುಪಿತೇ ಇಲ್ಲವೇ ಎಂಬುದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ತೋಟ ಪೂರ್ತಿ ಹೊಡೆದಾಗಿದೆ, ಡ್ರಮ್ಮು ಖಾಲಿಯಾಗಿದೆ, ಕೂಲಿ ಕೊಟ್ಟಾಗಿದೆ, ಮೂರು ವಾರಕ್ಕೆ ಕಾಯಿ ಉದುರುತ್ತದೆ. ಆಗ ತಪ್ಪು ಔಷಧಿಯದ್ದಾಗುತ್ತದೆ, ಮುಂದಿನ ಸಲ ಅಂಗಡಿಯಲ್ಲಿ ಇನ್ನೂ ದುಬಾರಿ ಬಾಟಲಿ ಕೈಗೆ ಬರುತ್ತದೆ.

ಇದರಿಂದ ಅನ್ಯಾಯವಾಗುವುದು ಒಂದು ಶತಮಾನ ದಾಟಿದ ಸಂಶೋಧನೆಗೆ. ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಫೈಟಾಫ್ತೊರ ಜಾತಿಯ ರೋಗಾಣು ಕಾರಣವೆಂದು ತೋರಿಸಿ, ಅದನ್ನು ತಡೆಯಲು ಈ ದ್ರಾವಣವನ್ನು ಸೂಚಿಸಿದರು. ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು, ಅಂದರೆ ಒಂದೊಂದು ಕೊನೆಗೂ ಹೊದಿಕೆ ಹಾಕಿ ಮಳೆನೀರು ತಾಗದಂತೆ ಮಾಡುವುದು. ಅದು ದಡ್ಡ ಉಪಾಯವೇನಲ್ಲ. ನೀರಿನಲ್ಲಿ ಈಜಿ ಬರುವ ಬೀಜಕಣಕ್ಕೆ ನೀರೇ ಸಿಗದಂತೆ ಮಾಡುವ ಲೆಕ್ಕಾಚಾರ ಅದರಲ್ಲಿದೆ.

ಸಂಶೋಧನೆ ಕೊಟ್ಟದ್ದು ಬರಿಯ ಒಂದು ಮದ್ದಿನ ಹೆಸರಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಪ್ರಮಾಣ. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೆಂಬ ಕ್ರಮ. ಹೊಳೆಯುವ ಕತ್ತಿಯನ್ನು ಅದ್ದಿ, ಅದರ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುವ ಪರೀಕ್ಷೆ. ಮಾಡಿದ ದಿನವೇ ಬಳಸಬೇಕೆಂಬ ನಿಯಮ. ಮುಂಗಾರಿಗೆ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ ಎಂಬ ಕಾಲನಿರ್ಣಯ, ಇವೆಲ್ಲ ಆ ಕೊಡುಗೆಗಳೇ. ಎಲ್ಲಕ್ಕಿಂತ ಮುಖ್ಯವಾಗಿ, ಈ ದ್ರಾವಣ ರೋಗ ಬರದಂತೆ ಕಾಯುತ್ತದೆಯೇ ಹೊರತು ಬಂದ ರೋಗವನ್ನು ವಾಸಿ ಮಾಡುವುದಿಲ್ಲ ಎಂಬ ತಿಳಿವಳಿಕೆ. ತಾಮ್ರದ ಪದರ ಬೀಜಕಣಕ್ಕಿಂತ ಮೊದಲು ಕಾಯಿಯ ಮೇಲಿರಬೇಕು. ಹೊಳವಾದ ಒಂದೇ ದಿನ ಎಂಜಿನ್ ಕೈಕೊಟ್ಟರೆ ಕಳೆದುಹೋಗುವುದು ಆ ದಿನವಷ್ಟೇ ಅಲ್ಲ, ರೋಗಕ್ಕಿಂತ ಮೊದಲಾಗುವ ಅವಕಾಶ. ಇತ್ತೀಚಿನ ಎಲೆಚುಕ್ಕೆ ರೋಗದಲ್ಲಿಯೂ ಸಂಶೋಧಕರ ಶಿಫಾರಸು ಏನೇ ಇರಲಿ, ಅದು ಎಲೆಗೆ ತಲುಪಬೇಕಾದದ್ದು ಇದೇ ಪಂಪಿನ ಮೂಲಕ.

ಟ್ರ್ಯಾಕ್ಟರಿಗೆ ಜೋಡಿಸಿದ ಪಂಪಿನವರಿಗೆ ಎಥನಾಲಿನ ಕಾಟವಿಲ್ಲ, ಆದರೆ ಡೀಸೆಲ್ ಬ್ಯಾರಲ್ಲಿನ ತಳದಲ್ಲಿ ನೀರು ನಿಂತರೆ ಎಣ್ಣೆ ಮತ್ತು ನೀರಿನ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟಿ ಫಿಲ್ಟರನ್ನು ಮುಚ್ಚುತ್ತವೆ. ಸಂಜೆಯೇ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತೇವ ಒಳಗೆ ಹನಿಗಟ್ಟಲು ಜಾಗವಿರುವುದಿಲ್ಲ.

ಪೆಟ್ರೋಲ್ ಎಂಜಿನ್ನಿನವರು ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ತರಲಿ, ಟು-ಟಿ ಆಯಿಲನ್ನು ಆ ದಿನಕ್ಕೆ ಬೇಕಾದಷ್ಟು ಪೆಟ್ರೋಲಿಗೆ ಮಾತ್ರ ಬೆರೆಸಲಿ. ಲೀಟರಿಗೆ 20 ಮಿಲಿಯೋ 40 ಮಿಲಿಯೋ ಎಂಬುದನ್ನು ಪಕ್ಕದ ತೋಟದವರನ್ನು ಕೇಳದೆ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನೋಡಲಿ. ಕೊನೆಯ ಸಿಂಪರಣೆ ಮುಗಿದ ಸಂಜೆ ಪಂಪಿನಲ್ಲಿ ಶುದ್ಧ ನೀರು ಹಾಯಿಸಿ ತೊಳೆದ ಮೇಲೆ ಟ್ಯಾಂಕನ್ನು ಬಸಿದು, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಬಸಿದ ಪೆಟ್ರೋಲು ಗಾಜಿನ ಬಾಟಲಿಯಲ್ಲಿ ಒಂದೇ ಪದರವಾಗಿದ್ದು, ಅದಕ್ಕೆ ಆಯಿಲು ಬೆರೆಸದೆ ಇದ್ದರೆ ಬೈಕಿಗೆ ಹಾಕಿಕೊಳ್ಳಬಹುದು. ಮುಂದಿನ ವರ್ಷಕ್ಕೆಂದು ಕೊಟ್ಟಿಗೆಯ ಮೂಲೆಯಲ್ಲಿ ಇಡುವುದು ಬೇಡ.